ಮಗ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತಾನೆ, ತೆಗೆಯಬಹುದಾ?

ಪ್ರಶ್ನೆ (ಕಾಪುವಿನಿಂದ)

ನಮಸ್ಕಾರ. ಈ ಗುಂಪಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವರು ಇದ್ದಾರೆ ಅಂತ ಗೊತ್ತಾಗಿ ಕೇಳುತ್ತಿದ್ದೇನೆ. ಮಗನಿಗೆ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ಕಂಪ್ಯೂಟರ್ ಸೈನ್ಸ್. ಹಾಸ್ಟೆಲ್ ಬೇಡ, ಮನೆಯಿಂದಲೇ ಹೋಗಿ ಬರುವುದು ಅಂತ ಮಾಡಿದ್ದೇವೆ. ಕಾಪುವಿನಿಂದ ಪಡುಬಿದ್ರಿಗೆ ಒಂದು ಬಸ್ಸು, ಅಲ್ಲಿಂದ ಕಾರ್ಕಳದ ಬಸ್ಸು. ಲ್ಯಾಪ್‌ಟಾಪ್ ಕೊಡಿಸಲೇಬೇಕು, ಅದರಲ್ಲಿ ಮಾತಿಲ್ಲ. ಆದರೆ ಅವನು ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತ ಕೂತಿದ್ದಾನೆ. ಅಂಗಡಿಯಲ್ಲಿ ಅದಕ್ಕೆ 85 ಸಾವಿರ ಹೇಳಿದರು, ಮಾಮೂಲಿ ಲ್ಯಾಪ್‌ಟಾಪಿಗೆ 55 ಸಾವಿರ. ಸೊಸೈಟಿಯಲ್ಲಿ ಇಟ್ಟ ಹಣ ತೆಗೆದು ಕೊಡಬೇಕು. ಹೆಸರಲ್ಲೇ ಗೇಮಿಂಗ್ ಅಂತ ಉಂಟು, ಇದು ಓದುವವರಿಗೆ ಬೇಕಾ? ನಾಲ್ಕು ವರ್ಷ ಬಾಳಿಕೆ ಬರುತ್ತದಾ? ದುಬೈಯಲ್ಲಿರುವ ನನ್ನ ತಮ್ಮ ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ತರುತ್ತೇನೆ ಅಂತಲೂ ಹೇಳಿದ್ದಾನೆ. ಅದು ಒಳ್ಳೇದಾ?

ಉತ್ತರ (ಮಂಗಳೂರಿನ ಹಂಪನಕಟ್ಟೆಯಲ್ಲಿ 16 ವರ್ಷದಿಂದ ಲ್ಯಾಪ್‌ಟಾಪ್ ಸರ್ವಿಸ್)

ಅಕ್ಕಾ, ಹೆಸರಿಗೆ ಹೆದರಬೇಡಿ. ಗೇಮಿಂಗ್ ಲ್ಯಾಪ್‌ಟಾಪ್ ಅಂದರೆ ಒಳಗೆ ಚಿತ್ರದ ಕೆಲಸಕ್ಕೆ ಅಂತಲೇ ಇನ್ನೊಂದು ಚಿಪ್ ಇರುವ ಲ್ಯಾಪ್‌ಟಾಪ್, ಅಷ್ಟೇ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಅನ್ನುತ್ತೇವೆ. ಆ ಚಿಪ್‌ಗೆ ಅದರದ್ದೇ ಮೆಮೊರಿ ಇರುತ್ತದೆ. ಅದು ಜಾಸ್ತಿ ಕರೆಂಟ್ ಎಳೆಯುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಹಾಗಾಗಿ ದೊಡ್ಡ ಫ್ಯಾನ್, ದೊಡ್ಡ ಚಾರ್ಜರ್, ದಪ್ಪ ಮೈ. ಒಳ್ಳೆಯದೂ ಕೆಟ್ಟದ್ದೂ ಎಲ್ಲ ಆ ಒಂದು ಚಿಪ್‌ನಿಂದಲೇ ಬರುವುದು.

ಈಗ ಓದಿನ ವಿಷಯ. ಕಂಪ್ಯೂಟರ್ ಸೈನ್ಸ್‌ನಲ್ಲಿ ಮೊದಲ ವರ್ಷ ಗಣಿತ, ಭೌತಶಾಸ್ತ್ರ, ಸಿ ಪ್ರೋಗ್ರಾಮಿಂಗ್. ಆಮೇಲೆ ಜಾವಾ, ಪೈಥಾನ್, ಡೇಟಾಬೇಸ್. ಇದ್ಯಾವುದಕ್ಕೂ ಗ್ರಾಫಿಕ್ಸ್ ಕಾರ್ಡ್ ಬೇಡ. ಬೇಕಾದ್ದು 16 ಜಿಬಿ ರ್‍ಯಾಮ್ (ಕೆಲಸ ಮಾಡುವಾಗಿನ ಮೆಮೊರಿ), 512 ಜಿಬಿ ಎಸ್‌ಎಸ್‌ಡಿ (ಫೈಲ್ ಇಡುವ ಜಾಗ), ಟೈಪ್ ಮಾಡಲು ಒಳ್ಳೆಯ ಕೀಬೋರ್ಡ್. ಮುಂದೆ ಮೆಷಿನ್ ಲರ್ನಿಂಗ್ (ಡೇಟಾ ಕೊಟ್ಟು ಕಂಪ್ಯೂಟರಿಗೆ ಕಲಿಸುವ ವಿಷಯ) ಬಂದಾಗ ಗ್ರಾಫಿಕ್ಸ್ ಚಿಪ್ ಬೇಕಾಗುತ್ತದೆ, ನಿಜ. ಅದಕ್ಕೆ ಗೂಗಲ್ ಕೋಲ್ಯಾಬ್ ಅಂತ ಉಂಟು. ಮನೆಯ ಇಂಟರ್‌ನೆಟ್ಟಿನಲ್ಲೇ ಗೂಗಲ್‌ನ ಚಿಪ್ ಅನ್ನು ಮಿತಿಯಲ್ಲಿ ಪುಕ್ಕಟೆ ಬಳಸಬಹುದು. ಮಕ್ಕಳ ಪ್ರಾಜೆಕ್ಟಿಗೆ ಅಷ್ಟು ಸಾಕಾಗುತ್ತದೆ. ಆರ್ಕಿಟೆಕ್ಚರ್ ಓದುವವರು, 3ಡಿ ಡಿಸೈನ್ ಮಾಡುವವರು, ವಿಡಿಯೋ ಎಡಿಟ್ ಮಾಡುವವರು ಕೇಳಿದರೆ ನಾನೇ ಗೇಮಿಂಗ್ ತೆಗೆಯಿರಿ ಅನ್ನುತ್ತೇನೆ. ಅವರಿಗೆ ಅದು ಆಟದ ಸಾಮಾನಲ್ಲ, ಅನ್ನದ ಸಾಮಾನು.

ನಿಮ್ಮ ಮಗನ ವಿಷಯದಲ್ಲಿ ನನ್ನ ಚಿಂತೆ ಆ ಎರಡು ಬಸ್ಸು. ಗೇಮಿಂಗ್ ಲ್ಯಾಪ್‌ಟಾಪ್ ಸುಮಾರು 2.3 ಕಿಲೋ. ಚಾರ್ಜರ್ ಒಂದು ಇಟ್ಟಿಗೆಯ ಹಾಗೆ, ಅದು ಮುಕ್ಕಾಲು ಕಿಲೋ. ಪುಸ್ತಕ, ಟಿಫಿನ್, ನೀರಿನ ಬಾಟಲಿ, ಕೊಡೆ ಬೇರೆ. ಬೆಳಿಗ್ಗೆ ನಮ್ಮ ಸರ್ವಿಸ್ ಬಸ್ಸಲ್ಲಿ ಬ್ಯಾಗ್ ಇಡಲು ಜಾಗ ಎಲ್ಲಿ ಉಂಟು ಹೇಳಿ? ಚಾರ್ಜರ್ ಮನೆಯಲ್ಲೇ ಬಿಟ್ಟು ಹೋದರೆ ಬ್ಯಾಟರಿ ಮೂರು ನಾಲ್ಕು ಗಂಟೆಗೆ ಮುಗಿಯುತ್ತದೆ, ಅದೂ ಸುಮ್ನೆ ನೋಟ್ಸ್ ಮಾಡಿದರೆ. ಬ್ಯಾಟರಿಯಲ್ಲಿ ಗೇಮ್ ಆಡಿದರೆ ಒಂದು ಗಂಟೆ. ಅಷ್ಟೇ ಅಲ್ಲ, ಚಾರ್ಜರ್ ತೆಗೆದರೆ ಆ ಗ್ರಾಫಿಕ್ಸ್ ಚಿಪ್ ಪೂರ್ತಿ ಶಕ್ತಿಯಲ್ಲಿ ಓಡುವುದೂ ಇಲ್ಲ. ಮಾಮೂಲಿ ಲ್ಯಾಪ್‌ಟಾಪ್ ಒಂದೂವರೆ ಕಿಲೋ ಆಸುಪಾಸು, ಚಾರ್ಜರ್ ಕಿಸೆಗೆ ಹೋಗುತ್ತದೆ.

ನಾಲ್ಕು ವರ್ಷ ಬಾಳಿಕೆ ಬರುತ್ತದಾ ಅಂತ ಕೇಳಿದಿರಿ. ಬರುತ್ತದೆ, ನೋಡಿಕೊಂಡರೆ. ಆದರೆ ಇದರಲ್ಲಿ ಗ್ರಾಫಿಕ್ಸ್ ಚಿಪ್ ಮದರ್‌ಬೋರ್ಡಿಗೇ, ಅಂದರೆ ಒಳಗಿನ ಮುಖ್ಯ ಬೋರ್ಡಿಗೇ, ಬೆಸುಗೆ ಹಾಕಿರುತ್ತದೆ. ಅದು ಹೋದರೆ ಅದೊಂದನ್ನೇ ಬಿಚ್ಚಿ ಬೇರೆ ಹಾಕಲು ಆಗುವುದಿಲ್ಲ, ಹೆಚ್ಚಾಗಿ ಬೋರ್ಡನ್ನೇ ಬದಲಾಯಿಸಬೇಕು. ವಾರಂಟಿ ಮುಗಿದ ಮೇಲೆ ಹಾಗಾದರೆ ಲ್ಯಾಪ್‌ಟಾಪಿನ ಅರ್ಧ ಬೆಲೆ ಅಲ್ಲಿಗೇ ಹೋಯಿತು. ಹಾಗಾಗಿ ಗೇಮಿಂಗ್ ತೆಗೆದರೆ ಮೂರು ವರ್ಷಕ್ಕೆ ವಾರಂಟಿ ವಿಸ್ತರಿಸುವ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ದುಬೈ ಮಾಲು ಕೆಟ್ಟದ್ದಲ್ಲ. ಒಬ್ಬ ಪ್ರಯಾಣಿಕ, 18 ವರ್ಷ ಆದವರು, ಒಂದು ಲ್ಯಾಪ್‌ಟಾಪ್ ಸುಂಕ ಕಟ್ಟದೆ ತರಬಹುದು. ಆದರೆ ಎರಡು ವಿಷಯ ಮೊದಲೇ ಕೇಳಿ ತಿಳಿದುಕೊಳ್ಳಿ. ಆ ಮಾಡೆಲ್‌ಗೆ ಇಲ್ಲಿ ವಾರಂಟಿ ನಡೆಯುತ್ತದಾ? ಕೆಲವು ಕಂಪನಿ ಕೆಲವು ಮಾಡೆಲ್‌ಗೆ ಮಾತ್ರ ಕೊಡುತ್ತವೆ, ಬಿಲ್ ಬೇಕೇ ಬೇಕು. ಕೀಬೋರ್ಡಿನಲ್ಲಿ ಅರಬ್ಬಿ ಅಕ್ಷರ ಇದೆಯಾ? ಇದ್ದರೂ ಕೆಲಸಕ್ಕೆ ತೊಂದರೆ ಇಲ್ಲ, ಮುಂದೆ ಮಾರುವಾಗ ಮಾತ್ರ ಬೆಲೆ ಕಮ್ಮಿ ಕೇಳುತ್ತಾರೆ. ಪ್ಲಗ್ಗಿನ ಪಿನ್ ಕೂಡ ಚಪ್ಪಟೆಯದು. ಅದಕ್ಕೆ ಅಗ್ಗದ ಅಡಾಪ್ಟರ್ ಸಿಕ್ಕಿಸಬೇಡಿ, ನಮ್ಮ ಮೂರು ಪಿನ್ನಿನ ಒಳ್ಳೆಯ ಪವರ್ ಕೇಬಲ್ ಬೇರೆ ಸಿಗುತ್ತದೆ. ಇನ್ನೊಂದು, ಕ್ಲಾಸ್ ಶುರುವಾಗಿ ಡಿಸೆಂಬರ್ ತನಕ ಹುಡುಗ ಎಂತ ಮಾಡುವುದು?

ನಿಮ್ಮ ಜಾಗದಲ್ಲಿ ನಾನಿದ್ದರೆ 55 ಸಾವಿರದ್ದೇ ತೆಗೆಯುತ್ತಿದ್ದೆ. ಆದರೆ ಮಗನ ಹತ್ತಿರ ಒಂದು ಸಲ ಕೂತು ಕೇಳಿ, ಅದರಲ್ಲಿ ಎಂತ ಮಾಡಬೇಕು ಅಂತ ಇದ್ದಾನೆ ಅಂತ. ಉತ್ತರದ ಮೇಲೆ ನನ್ನ ಮಾತು ಬದಲಾಗಬಹುದು.

ಪ್ರತಿಕ್ರಿಯೆ (ಮಣಿಪಾಲದ ವಿದ್ಯಾರ್ಥಿ)

ಅಣ್ಣ ಹೇಳಿದ್ದು ಸರಿ ಇದೆ. ನನ್ನ ಹತ್ತಿರ ಗೇಮಿಂಗ್ ಲ್ಯಾಪ್‌ಟಾಪೇ ಇರುವುದು, ಹಾಸ್ಟೆಲ್‌ನಲ್ಲಿ ತುಂಬ ಖುಷಿ. ಕ್ಲಾಸಿಗೆ ಹೋದರೆ ಮಾತ್ರ ಗೋಡೆಯ ಪಕ್ಕದ ಸೀಟೇ ಆಗಬೇಕು, ಪ್ಲಗ್ ಇರುವುದು ಅಲ್ಲಿ ಮಾತ್ರ. ಲೈಬ್ರರಿಯಲ್ಲಿ ಫ್ಯಾನ್ ಜೋರಾಗಿ ಓಡಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ಸೈಲೆಂಟ್ ಮೋಡ್ ಹಾಕಿ, ಸ್ಕ್ರೀನನ್ನು 60 ಹರ್ಟ್ಸ್‌ಗೆ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವ ಹಾಗೆ) ಇಳಿಸಿದರೆ ಬ್ಯಾಟರಿ ಸ್ವಲ್ಪ ಜಾಸ್ತಿ ಬರುತ್ತದೆ.

ಪ್ರಶ್ನೆ (ಮಲ್ಪೆಯಿಂದ)

ನನ್ನ ಗೇಮಿಂಗ್ ಲ್ಯಾಪ್‌ಟಾಪಿಗೆ ಎರಡೇ ವರ್ಷ. ಈಗ ಹತ್ತು ನಿಮಿಷ ಆಡಿದರೆ ಗೇಮ್ ತಡವರಿಸುತ್ತದೆ, ಕೀಬೋರ್ಡ್ ಮುಟ್ಟಲಿಕ್ಕೆ ಆಗುವುದಿಲ್ಲ ಅಷ್ಟು ಬಿಸಿ. ಸ್ಕ್ರೂಗಳಿಗೆ ತುಕ್ಕು ಬಂದಿದೆ. ಮನೆ ಕಡಲಿಂದ 300 ಮೀಟರ್. ಏನು ಮಾಡುವುದು?

ಉತ್ತರ

ಇದು ನಮ್ಮ ಊರಿನ ಕಾಯಿಲೆ. ಬೆಂಗಳೂರಿನಲ್ಲಿ ಕೂತು ರಿವ್ಯೂ ಮಾಡುವವರು ಇದನ್ನು ಹೇಳುವುದಿಲ್ಲ, ಅವರಿಗೆ ಇದು ಕಾಣುವುದೂ ಇಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊನ್ನೆ ಉಳ್ಳಾಲದಿಂದ ಒಂದು ಬಂದಿತ್ತು, ನಿಮ್ಮದರ ಹಾಗೆಯೇ. ಅಡಿಯ ಮುಚ್ಚಳದ ಹನ್ನೊಂದು ಸ್ಕ್ರೂನಲ್ಲಿ ನಾಲ್ಕರ ತಲೆ ತುಕ್ಕಿಗೆ ಸವೆದು ಹೋಗಿತ್ತು. ಮುಚ್ಚಳ ತೆಗೆದರೆ ಫ್ಯಾನ್ ನೋಡಲು ಚೆನ್ನಾಗಿಯೇ ಇತ್ತು. ಆದರೆ ಫ್ಯಾನ್ ಬಿಚ್ಚಿದಾಗ ಅದರ ಹಿಂದೆ, ಬಿಸಿಗಾಳಿ ಹೊರಗೆ ಹೋಗುವ ಆ ತೆಳು ತಗಡುಗಳ ಬಾಯಿಗೆ, ಧೂಳು ಹೆಪ್ಪುಗಟ್ಟಿ ಕಂಬಳಿಯ ಚೂರಿನ ಹಾಗೆ ಕೂತಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಬಂತು. ನಮ್ಮಲ್ಲಿ ಗಾಳಿಯಲ್ಲಿ ತೇವ ಇರುವುದರಿಂದ ಧೂಳು ಹಾರಿ ಹೋಗುವುದಿಲ್ಲ, ಅಂಟಿಕೊಳ್ಳುತ್ತದೆ. ಅದರ ಹಿಂದೆ ತಾಮ್ರದ ಪೈಪಿಗೆ ಹಸಿರು ಕಿಲುಬು. ಗಾಳಿ ಹೋಗಲು ದಾರಿ ಇಲ್ಲದಿದ್ದರೆ ಪ್ರೊಸೆಸರ್ 95–100 ಡಿಗ್ರಿಗೆ ಹೋಗುತ್ತದೆ. ಆಗ ಸುಟ್ಟು ಹೋಗಬಾರದು ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಮಗೆ ಗೇಮ್ ತಡವರಿಸುವುದು ಅದಕ್ಕೇ. ಚಿಪ್ ಹಾಳಾಗಿಲ್ಲ, ಉಸಿರು ಕಟ್ಟಿದೆ.

ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ತಾಮ್ರದ ಪೈಪಿಗೆ ದಾಟಿಸುವ ಲೇಪ) ಒರೆಸಿ ಹೊಸತು ಹಚ್ಚಿದರೆ ಹೆಚ್ಚಿನವು ಮೊದಲಿನ ಹಾಗೆ ಓಡುತ್ತವೆ. ಕಡಲ ಬದಿಯವರು ವರ್ಷಕ್ಕೊಮ್ಮೆ ಮಾಡಿಸಲೇಬೇಕು, ಮಳೆಗಾಲ ಮುಗಿದ ಮೇಲೆ ಮಾಡಿಸಿದರೆ ಒಳ್ಳೇದು. ವಾರಂಟಿ ಇದ್ದರೆ ಮೊದಲು ಕಂಪನಿಯ ಸರ್ವಿಸ್ ಸೆಂಟರಿಗೇ ಫೋನ್ ಮಾಡಿ. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಹಿಡಿಯಬೇಡಿ. ಬ್ಲೋವರ್ ಹಿಡಿದರೆ ಫ್ಯಾನ್ ರೆಕ್ಕೆಗೆ ಒಂದು ಕಡ್ಡಿ ಅಡ್ಡ ಇಟ್ಟುಕೊಳ್ಳಿ, ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಅದು ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಮಳೆಗಾಲದಲ್ಲಿ ತುಂಬ ಜನ ಒಂದು ತಪ್ಪು ಮಾಡುತ್ತಾರೆ. ದುಬಾರಿ ಸಾಮಾನು ಅಂತ ಬ್ಯಾಗಿನಲ್ಲಿ ಕಟ್ಟಿ ಕಪಾಟಿನಲ್ಲಿ ಇಡುತ್ತಾರೆ. ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುವ ಆ ಕಪಾಟಿನಲ್ಲಿ ಇದಕ್ಕೂ ತೇವ ಹಿಡಿಯುತ್ತದೆ. ಅದರ ಬದಲು ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ. ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಹಾಸಿಗೆಯ ಮೇಲೆ ಇಟ್ಟು ಮಾತ್ರ ಆಡಬೇಡಿ, ಗಾಳಿ ಎಳೆಯುವ ತೂತು ಅಡಿಯಲ್ಲಿ ಇರುವುದು.

ಇನ್ನು ಸಿಡಿಲು. ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಶುರುವಾದರೆ ಚಾರ್ಜರ್ ಗೋಡೆಯಿಂದಲೇ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಗೇಮ್ ಆಡುವವರು ರೌಟರಿನಿಂದ ಲ್ಯಾನ್ ತಂತಿ ಹಾಕಿಕೊಂಡಿರುತ್ತಾರೆ, ಅದನ್ನೂ ತೆಗೆಯಿರಿ. ನಮ್ಮದು ಫೈಬರ್, ಏನೂ ಆಗುವುದಿಲ್ಲ ಅನ್ನುತ್ತಾರೆ. ಫೈಬರ್ ಬರುವುದು ರೌಟರ್ ತನಕ. ಅಲ್ಲಿಂದ ಲ್ಯಾಪ್‌ಟಾಪಿಗೆ ಬರುವುದು ತಾಮ್ರವೇ. ಚಾರ್ಜ್ ಹಾಕಿದಾಗ ಮೈಗೆ ಜುಂ ಅಂದರೆ ಮನೆಯ ಅರ್ತಿಂಗ್ ಒಮ್ಮೆ ನೋಡಿಸಿ.

ಪ್ರಶ್ನೆ (ಕುಂದಾಪುರದಿಂದ)

ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು. ಕೆಲಸ ಪೂರ್ತಿ ಮನೆಯಲ್ಲೇ. ಗೇಮಿಂಗ್ ಲ್ಯಾಪ್‌ಟಾಪಾ, ಡೆಸ್ಕ್‌ಟಾಪಾ?

ಉತ್ತರ

ಮನೆ ಬಿಟ್ಟು ಹೋಗುವುದಿಲ್ಲ ಅಂದರೆ ಡೆಸ್ಕ್‌ಟಾಪ್, ಎರಡು ಮಾತಿಲ್ಲ. ಒಂದೇ ಹೆಸರಿದ್ದರೂ ಎರಡರಲ್ಲಿ ಇರುವ ಚಿಪ್ ಒಂದೇ ಅಲ್ಲ. ಆರ್‌ಟಿಎಕ್ಸ್ 4070 ಅನ್ನುವ ಗ್ರಾಫಿಕ್ಸ್ ಚಿಪ್ ನೋಡಿ, ಡೆಸ್ಕ್‌ಟಾಪಿನದ್ದಕ್ಕೆ 12 ಜಿಬಿ ಮೆಮೊರಿ, ಲ್ಯಾಪ್‌ಟಾಪಿನದ್ದಕ್ಕೆ 8 ಜಿಬಿ. ಏನಾದರೂ ಹೋದರೆ ಆ ಭಾಗ ಮಾತ್ರ ಬದಲಾಯಿಸಿದರೆ ಆಯಿತು. ಕರೆಂಟ್ ಹೋಗುವುದಕ್ಕೆ ಒಳ್ಳೆಯ ಯುಪಿಎಸ್ ಒಂದು ಇಟ್ಟುಕೊಳ್ಳಿ, ಎಡಿಟ್ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಸಿಕ್ಕಿದರೆ ಸಾಕು.

ಪ್ರತಿಕ್ರಿಯೆ (ಕಾಪು, ಪ್ರಶ್ನೆ ಕೇಳಿದವರ ಮಗ)

ಅಣ್ಣಾ, ಅಮ್ಮ ಎಲ್ಲ ಓದಿ ಹೇಳಿದರು. ನಾನು ವ್ಯಾಲರಂಟ್ ಆಡುತ್ತೇನೆ, ನಿಜ. ಆದರೆ ಆಡಲಿಕ್ಕೆ ಮಾತ್ರ ಕೇಳುತ್ತಿಲ್ಲ. ಒಂದು ವರ್ಷದಿಂದ ದೊಡ್ಡಮ್ಮನ ಮಗನ ಕಂಪ್ಯೂಟರಿನಲ್ಲಿ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಕಲಿಯುತ್ತಿದ್ದೇನೆ. ನಮ್ಮ ಕಾಪುವಿನ ದೀಪಸ್ತಂಭವನ್ನು 3ಡಿಯಲ್ಲಿ ಮಾಡಿದ್ದೇನೆ, ಕೆಳಗಿನ ಬಂಡೆ ಇನ್ನೂ ಮುಗಿದಿಲ್ಲ. ಅದನ್ನು ಯುನಿಟಿಯಲ್ಲಿ (ಗೇಮ್ ಮಾಡುವ ಸಾಫ್ಟ್‌ವೇರ್) ಹಾಕಿ ಒಂದು ಚಿಕ್ಕ ಗೇಮ್ ಮಾಡಬೇಕು ಅಂತ ಆಸೆ. 55 ಸಾವಿರದ್ದರಲ್ಲಿ ಅದು ಆಗುತ್ತದಾ?

ಉತ್ತರ

ತಮ್ಮಾ, ಇದನ್ನು ಮೊದಲೇ ಹೇಳಬೇಕಿತ್ತು. ವ್ಯಾಲರಂಟ್ ಹಗುರ ಗೇಮ್, ಅದು ಮಾಮೂಲಿ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದಕ್ಕಾಗಿ 30 ಸಾವಿರ ಜಾಸ್ತಿ ಕೊಡಬೇಡ. ಬ್ಲೆಂಡರ್ ಬೇರೆ ಮಾತು. ಮಾಡೆಲ್ ಮಾಡುವುದು ಎಲ್ಲದರಲ್ಲೂ ಆಗುತ್ತದೆ, ಆದರೆ ರೆಂಡರ್‌ಗೆ, ಅಂದರೆ ಮಾಡೆಲನ್ನು ಪೂರ್ತಿ ಚಿತ್ರ ಮಾಡಲಿಕ್ಕೆ, ಕೊಟ್ಟಾಗ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಊಟ ಮಾಡಿ ಬಂದರೂ ಮುಗಿಯುವುದಿಲ್ಲ. ಒಂದು ವರ್ಷದಿಂದ ಬಿಡದೆ ಕಲಿಯುತ್ತಿದ್ದೀಯ ಅಂದರೆ ನಿನಗೆ ಈ ಮೆಷಿನ್ ಉಪಯೋಗಕ್ಕೆ ಬರುತ್ತದೆ. ಅಕ್ಕಾ, ಇವನಿಗಾದರೆ ನಾನು ಕೊಡಿಸಿ ಅನ್ನುತ್ತೇನೆ.

ಆದರೆ 85 ಸಾವಿರ ಕೊಟ್ಟು ಮೋಸ ಹೋಗಬಾರದು. ಆರ್‌ಟಿಎಕ್ಸ್ 4050 ಅಂತ ಸ್ಟಿಕ್ಕರ್ ಇದ್ದರೆ ಸಾಲದು, ಅದಕ್ಕೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಕೇಳು. ಅದೇ ಚಿಪ್ 35 ವ್ಯಾಟಿನಿಂದ 115 ವ್ಯಾಟ್ ತನಕ ಬರುತ್ತದೆ. ಕಮ್ಮಿ ವ್ಯಾಟಿನದ್ದು ಹೆಸರಿಗೆ ಮಾತ್ರ 4050. ಆಮೇಲೆ ಸ್ಕ್ರೀನ್. 144 ಹರ್ಟ್ಸ್ ಅಂತ ದೊಡ್ಡದಾಗಿ ಬರೆದು ಒಳಗೆ 45% ಎನ್‌ಟಿಎಸ್‌ಸಿ ಪ್ಯಾನೆಲ್ (ಕಮ್ಮಿ ಬಣ್ಣ ತೋರಿಸುವ ಸ್ಕ್ರೀನ್) ಹಾಕಿರುತ್ತಾರೆ. ಅದರಲ್ಲಿ ಬಣ್ಣ ಮಂಕು, ನಿನ್ನ ದೀಪಸ್ತಂಭದ ಮೇಲಿನ ಬಿಸಿಲು ಬೂದಿ ಬಣ್ಣಕ್ಕೆ ಕಾಣುತ್ತದೆ. 100% ಎಸ್‌ಆರ್‌ಜಿಬಿ (ಮಾಮೂಲಿ ಬಣ್ಣಗಳನ್ನೆಲ್ಲ ತೋರಿಸುವ ಸ್ಕ್ರೀನ್) ಇದ್ದದ್ದೇ ತೆಗೆ. ರ್‍ಯಾಮ್ 16 ಜಿಬಿ ಇರಲಿ, ಮುಂದೆ ಹಾಕಲು ಜಾಗ ಇದೆಯಾ ನೋಡು. ಆರ್‌ಟಿಎಕ್ಸ್ 3050 ಚಿಪ್‌ನದ್ದು ಅಗ್ಗಕ್ಕೆ ಸಿಕ್ಕಿದರೂ 4 ಜಿಬಿ ಮೆಮೊರಿಯದ್ದು ಬೇಡ, ದೊಡ್ಡ ಸೀನ್ ಹಾಕಿದರೆ ಬ್ಲೆಂಡರ್ ಅಲ್ಲೇ ನಿಲ್ಲುತ್ತದೆ.

ಕಾಲೇಜಿಗೆ ದಿನಾ ಹೊತ್ತುಕೊಂಡು ಹೋಗಬೇಡ, ಲ್ಯಾಬ್ ಇರುವ ದಿನ ಅಲ್ಲಿನ ಕಂಪ್ಯೂಟರ್ ಬಳಸು. ಹೊತ್ತುಕೊಂಡು ಹೋಗುವ ದಿನ ಬ್ಯಾಗಿಗೆ ಮಳೆಯ ಕವರ್ ಹಾಕು. ಮನೆಯಲ್ಲಿ ಯಾವಾಗಲೂ ಚಾರ್ಜಿಗೆ ಹಾಕಿಯೇ ಇಡುತ್ತೀಯಾದರೆ ಕಂಪನಿಯ ಆ್ಯಪ್‌ನಲ್ಲಿ ಚಾರ್ಜ್ 80% ಗೆ ನಿಲ್ಲಿಸುವ ಆಯ್ಕೆ ಇರುತ್ತದೆ, ಮೊದಲ ದಿನವೇ ಅದನ್ನು ಆನ್ ಮಾಡು. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದ ಲ್ಯಾಪ್‌ಟಾಪ್ ನನ್ನ ಮೇಜಿಗೆ ಎಷ್ಟೋ ಬಂದಿವೆ.

ಪ್ರತಿಕ್ರಿಯೆ (ಕಾಪು)

ಅವನು ಆ ದೀಪಸ್ತಂಭ ಮಾಡಿದ್ದು ನನಗೆ ಗೊತ್ತೇ ಇರಲಿಲ್ಲ ಮಾರಾಯ್ರೆ. ನಿನ್ನೆ ರಾತ್ರಿ ತೋರಿಸಿದ. ಮೇಲಿನ ದೀಪ ತಿರುಗುವುದು ಕೂಡ ಮಾಡಿದ್ದಾನೆ. ಶನಿವಾರ ಉಡುಪಿಗೆ ಹೋಗಿ ನೋಡುತ್ತೇವೆ.

ಉತ್ತರ

ಒಳ್ಳೇದಾಯಿತು ಅಕ್ಕಾ. ಒಂದೇ ಮಾತು. ಬಿಲ್ ಮಾಡಿಸುವ ಮೊದಲು ಡಬ್ಬದ ಬದಿಯಲ್ಲಿರುವ ಪೂರ್ತಿ ಮಾಡೆಲ್ ನಂಬರಿನ ಫೋಟೋ ಇಲ್ಲಿ ಹಾಕಿ. ಕೊನೆಯ ನಾಲ್ಕೈದು ಅಕ್ಷರ ಬಿಡಬೇಡಿ, ಸ್ಕ್ರೀನ್ ಯಾವುದು ಅಂತ ಗೊತ್ತಾಗುವುದು ಅಲ್ಲಿಯೇ. ಶನಿವಾರ ಅಂಗಡಿಯಲ್ಲೇ ಇರುತ್ತೇನೆ, ನೋಡಿ ಹೇಳುತ್ತೇನೆ.