ಹಳೇ ಸುರಂಗದ ತಿಳಿನೀರು ಹುಳಿ ಯಾಕ?

ಮುಂಡರಗಿ ಮಾಸ್ತರ:
ಕಪ್ಪತಗುಡ್ಡದ ಸೆರಗಿನಾಗ ನಮ್ಮ ಸಾಲಿ. ಬ್ರಿಟಿಷರ ಕಾಲದಾಗ ಬಂಗಾರಕ್ಕಂತ ತೋಡಿದ ಸುರಂಗ ಇನ್ನೂ ಅದಾವ. ಮಳಿ ನಿಂತ ಮ್ಯಾಲೆ ಒಂಬತ್ತನೇತ್ತಾ ಹುಡುಗ್ರನ್ನ ಕರಕೊಂಡು ಒಂದರ ಬಾಯಿ ತನಕ ಹೋಗಿದ್ದೆ. ಒಳಗಿಂದ ನೀರು ಜಿನುಗತಿತ್ತು, ತಳ ಕಾಣೂವಷ್ಟು ತಿಳಿ. ಇಪ್ಪತ್ತು ಮಾರು ಕೆಳಗ ಅದೇ ನೀರು ಹಳ್ಳ ಕೂಡೂವಲ್ಲಿ ಕಲ್ಲಿಗೆಲ್ಲಾ ಕೇಸರಿ ರಾಡಿ ಮೆತ್ತಿತ್ತು. ನೀಲಿ ಲಿಟ್ಮಸ್ ಎರಡೂ ಕಡೆ ಕೆಂಪಾತು. ಸುತ್ತ ಒಂದೂ ಕಾರ್ಖಾನಿ ಇಲ್ಲ, ಆಮ್ಲ ಎಲ್ಲಿಂದ ಬಂತು? "ಸರ, ನಮ್ಮ ಕುರಿ ಇಲ್ಲೇ ನೀರು ಕುಡೀತಾವ" ಅಂದ ಒಬ್ಬ ಹುಡುಗ. ಅವತ್ತ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಕಾಸಿ ಆರಿಸಿ ಕುಡಿಸಿದ್ರ ನಡೀತೈತೇನು?

ಧಾರವಾಡದ ಅಕ್ಕ:
ಸರ, ಮೊದಲು ಕುರಿ ಮಾತು. ಆ ನೀರು ಬ್ಯಾಡ್ರಿ, ಕಾಸಿದ್ರೂ ಬ್ಯಾಡ. ಕುದಿಸಿದ್ರ ಜೀವಾಣು ಸಾಯ್ತಾವ, ಆಮ್ಲ, ಲೋಹ ಅಲ್ಲೇ ಉಳೀತಾವ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಾಗ ಅವುಗಳ ಪ್ರಮಾಣ ಹೆಚ್ಚಾಗ್ತೈತಿ. ಗದಗ ಪಟ್ಟಿಯ ಬಂಗಾರದ ಕಲ್ಲಿನಾಗ ಆರ್ಸೆನಿಕ್ ಅನ್ನೂ ವಿಷ ಇರೂ ಖನಿಜನೂ ಐತಿ.

ಆಮ್ಲ ಹುಟ್ಟೂದು ಪೈರೈಟ್‌ನಿಂದ, ಅಂದ್ರ ಕಬ್ಬಿಣ-ಗಂಧಕ ಕೂಡಿ ಬಂಗಾರದಂಗ ಹೊಳಿಯೂ ಕಲ್ಲು. ನೆಲದೊಳಗ ತಣ್ಣಗ ಮಲಗಿರ್ತೈತಿ. ಸುರಂಗ ತೋಡಿದ್ರ ಗಾಳಿ, ನೀರು ತಾಗಿ ಹುಳಿ ಶುರು. ಆಮ್ಯಾಲೆ ಬ್ಯಾಕ್ಟೀರಿಯಾ ಬಂದು ಕೂಡ್ತಾವ. ಅಸಿಡಿಥಯೋಬ್ಯಾಸಿಲಸ್ ಥಯೋಆಕ್ಸಿಡಾನ್ಸ್ ಗಂಧಕ ಉಂಡು ಗಂಧಕಾಮ್ಲ ಬಿಡ್ತೈತಿ. ಅದರ ಬಳಗದ ಫೆರೋಆಕ್ಸಿಡಾನ್ಸ್ ಕಬ್ಬಿಣನೂ ಬಿಡಂಗಿಲ್ಲ. ಬಿಸಿಲು ಬ್ಯಾಡ, ಕೊಳೆತ ಎಲಿನೂ ಬ್ಯಾಡ: ಕಲ್ಲಿನಿಂದ ಶಕ್ತಿ, ಗಾಳಿಯ ಇಂಗಾಲದಿಂದ ಮೈ. ನಾನು ಎಷ್ಟು ಸಲ ಓದಿದ್ರೂ ಇಲ್ಲಿ ಬಂದು ನಿಂತು ಬಿಡ್ತೀನಿ. ಹುಳಿ ನೀರಿನಾಗ ಕರಗಿದ ಕಬ್ಬಿಣ ತಾನಾಗೇ ಆಕ್ಸಿಡೀಕರಣ ಆಗೂದು, ಅಂದ್ರ ಗಾಳಿಯ ಆಮ್ಲಜನಕದ ಜೋಡಿ ಪ್ರತಿಕ್ರಿಯಿಸೂದು, ಬಹಳ ನಿಧಾನ. ಇವು ಕೈ ಹಾಕಿದ್ರ ಸುಮಾರು 10 ಲಕ್ಷ ಪಟ್ಟು ಜೋರು. ಹಂಗಾದ ಕಬ್ಬಿಣ ತಿರುಗಿ ಪೈರೈಟ್ ಅನ್ನ ಕೊರೀತೈತಿ.

ಬಹಳ ಹುಳಿ ಇದ್ದಲ್ಲಿ ಕಬ್ಬಿಣ ಕರಗೇ ಇರ್ತೈತಿ, ಕಣ್ಣಿಗೆ ಕಾಣಂಗಿಲ್ಲ. ಹಳ್ಳದ ನೀರು ಬೆರೆತು ಹುಳಿ ಇಳಿದ್ರ ರಾಡಿ ಆಗಿ ಕೂಡ್ತೈತಿ. ಅಂದ್ರ ತಿಳಿನೀರಿಗೇ ಹೆಚ್ಚು ಅಂಜಬೇಕು. ಲಿಟ್ಮಸ್ ಎಷ್ಟು ಹುಳಿ ಅಂತ ಹೇಳಂಗಿಲ್ಲ, ಪಿಎಚ್ ಕಾಗದ ತರಸ್ರಿ; ಅದರಾಗ ಅಂಕಿ ಕಡಿಮಿ ಇದ್ದಷ್ಟೂ ಹುಳಿ ಹೆಚ್ಚು.

ನವಲಗುಂದ ಎರಿಹೊಲ:
ಅಕ್ಕಾರ, ನಾವು ಸವಳು ಹೊಲಕ್ಕ ಗಂಧಕ ಹಾಕ್ತೀವಿ. ಕೆಲಸ ಹಿಡೀಲಿಕ್ಕೆ ವಾರಗಟ್ಟಲೆ ಬೇಕು. ಅಲ್ಲೂ ಇವೇ ಏನ್ರಿ?

ಧಾರವಾಡದ ಅಕ್ಕ:
ಇದೇ ಬಳಗ ರೀ. ಹಸಿ ಇಲ್ಲಂದ್ರ ಅವು ಕೆಲಸ ಮಾಡಂಗಿಲ್ಲ, ಅದಕ್ಕ ತಡ. 1922ರಾಗ ವಾಕ್ಸ್‌ಮನ್ ಮತ್ತ ಜೊಫೆ ಅನ್ನೂ ವಿಜ್ಞಾನಿಗಳು ಥಯೋಆಕ್ಸಿಡಾನ್ಸ್ ಬಗ್ಗೆ ಬರೆದದ್ದು ಗಂಧಕ ಬೆರೆಸಿದ ಮಣ್ಣಿನಿಂದನ. ಗಣಿ ನೀರಿನ ಹುಳಿಗೆ ಜೀವಾಣು ಕಾರಣ ಅಂತ ಗೊತ್ತಾದದ್ದು 1947ರಾಗ, ಅಮೆರಿಕದ ಕಲ್ಲಿದ್ದಲ ಗಣಿಯಾಗ.

ಮುಂಡರಗಿ ಮಾಸ್ತರ:
ಕಾಗದ ಬಂತು. ಸುರಂಗದ ಬಾಯಿಗೆ 3, ರಾಡಿ ಹತ್ರ 5. ಅಕ್ಕಾರ ಹೇಳಿದಂಗ ತಿಳಿ ಕಡೇನ ಹೆಚ್ಚು ಹುಳಿ. ಕುರುಬರ ಹಿರ್ಯಾರ ಜೋಡಿ ಕೂತು ಮಾತಾಡಿದೆ, ಇವತ್ತ ಮುಂಜಾನೆ ಜಾಲಿಮುಳ್ಳು ಹಚ್ಚಿ ದಾರಿ ಕಟ್ಟಿದ್ವಿ. ಕೆಳಗಿನ ಬಾವಿ ನೀರು ಎರಡು ಬಾಟಲಿ ತುಂಬಿ ಇಟ್ಟೀನಿ, ಸೋಮವಾರ ಆರ್ಸೆನಿಕ್ ಪರೀಕ್ಷಾಕ್ಕ ಗದಗಿಗೆ ಒಯ್ತೀನಿ.