ಜಪಾನ್ ಸೇನೆ ಅಂಡಮಾನಲ್ಲಿ ಮಾಡಿದ್ದು ನಮಗ್ಯಾಕೆ ನೆನಪಿಲ್ಲ?

ಮಳೆಹನಿ: ಹೋದ ತಿಂಗಳು ಟೋಕಿಯೋದಲ್ಲಿ ಯುದ್ಧದಲ್ಲಿ ಸತ್ತ ಜಪಾನಿಯರ ನೆನಪಿಗಿರೋ ಯಾಸುಕುನಿ ಗುಡಿಗೆ ಹೋಗಿದ್ದೆ, ಅಲ್ಲೇ ಇರೋ ಯುದ್ಧದ ಮ್ಯೂಸಿಯಂ ಒಳಗೆ ಕಾಲಿಡ್ತಿದ್ದ ಹಾಗೇ ಒಂದು ಸ್ಟೀಮ್ ಇಂಜಿನ್ ನಿಲ್ಸಿದಾರೆ, ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೇನೆ ಕಟ್ಟಿಸಿದ ಥಾಯ್ಲೆಂಡ್-ಬರ್ಮಾ ರೈಲ್ವೇದು, ಮಿರಮಿರ ಮಿಂಚ್ತಿತ್ತು, ಜನ ನಗ್ತಾ ಫೋಟೋ ತೆಗೆಸ್ಕೋತಿದ್ರು. ಆ ಹಳಿ ಹಾಕೋವಾಗ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ರು, ಮಲಯಾದ ರಬ್ಬರ್ ತೋಟಗಳಿಂದ ಎಳ್ಕೊಂಡು ಹೋದ ತಮಿಳು ಕೂಲಿಯವ್ರೂ ಸಾವಿರಾರು ಜನ. ಹೊಟ್ಟೆ ತೊಳಸಿದಂಗಾಯ್ತು. ಹೊರಗೆ ಬಂದ್ರೆ, ಯುದ್ಧ ಮುಗಿದ್ಮೇಲೆ ಜಪಾನ್ ನಾಯಕರ ವಿಚಾರಣೆ ಮಾಡಿದ ಜಡ್ಜುಗಳಲ್ಲಿ ಒಬ್ರಾದ ನಮ್ಮ ಜಸ್ಟಿಸ್ ರಾಧಾಬಿನೋದ್ ಪಾಲ್ ಸ್ಮಾರಕ, ನೋಡಿದ್ದೇ ತಡ ಎದೆ ಉಬ್ಬೋಯ್ತು! ಎರಡೂ ಐದೇ ನಿಮಿಷದಲ್ಲಿ ಆಗಿದ್ದು. ಅವತ್ತಿಂದ ಇದೇ ತಲೇಲಿ ಕೊರೀತಿದೆ, ನಿಮಗೇನನ್ಸುತ್ತೆ?

ಹಳೇಮೇಷ್ಟ್ರು: ಪಾಲ್ ಅವ್ರು ಆ ಟೋಕಿಯೋ ವಿಚಾರಣೇಲಿ 25 ಆರೋಪಿಗಳೂ ನಿರ್ದೋಷಿಗಳು ಅಂದಿದ್ದು ನಿಜ, ಆದ್ರೆ ಜಪಾನ್ ಸೇನೆ ಚೀನಾದ ನಾನ್‌ಜಿಂಗಲ್ಲಿ ಕ್ರೌರ್ಯ ಮಾಡೇ ಇಲ್ಲ ಅಂತ ಅವ್ರು ಎಲ್ಲೂ ಹೇಳ್ಲಿಲ್ಲ, ಸಾಕ್ಷಿ ಬೇಕಾದಷ್ಟಿದೆ ಅಂತ್ಲೇ ಬರೆದ್ರು. ಗೆದ್ದವ್ರು ಆಮೇಲೆ ಕಾನೂನು ಮಾಡಿ ಸೋತವ್ರನ್ನ ಶಿಕ್ಷಿಸೋದು ತಪ್ಪು ಅನ್ನೋದು ಅವ್ರ ತಕರಾರು. ಜಪಾನಿನ ರಾಷ್ಟ್ರವಾದಿಗಳು ಬೇಕಾದ ಅರ್ಧ ಇಟ್ಕೊಂಡ್ರು, ನಾವೂ ಹೆಮ್ಮೆ ಪಡೋಕೆ ಅದೇ ಅರ್ಧ ಇಟ್ಕೊಂಡ್ವಿ.

ಕಡಲತಡಿ: ಯುದ್ಧದ ಟೈಮಲ್ಲಿ ಅಂಡಮಾನ್ ಜಪಾನ್ ಕೈಲಿತ್ತು, ಆಗ 1943 ಡಿಸೆಂಬರ್ 30ಕ್ಕೆ ನೇತಾಜಿ ಪೋರ್ಟ್ ಬ್ಲೇರಲ್ಲಿ ಬಾವುಟ ಹಾರಿಸಿದ್ದು ಎಲ್ರಿಗೂ ಗೊತ್ತು. ಸರಿಯಾಗಿ ಒಂದು ತಿಂಗಳಿಗೆ, 1944 ಜನವರಿ 30ಕ್ಕೆ, ಪೋರ್ಟ್ ಬ್ಲೇರ್ ಹತ್ರದ ಹಂಫ್ರೀಗಂಜಲ್ಲಿ ಜಪಾನಿ ಸೈನಿಕರು 44 ಭಾರತೀಯರನ್ನ ಗೂಢಚಾರರು ಅಂತ ಗುಂಡಿಟ್ಟು ಕೊಂದ್ರು, ಅದು ಎಷ್ಟು ಜನಕ್ಕೆ ಗೊತ್ತು? ಅದೇ ತಿಂಗಳು ಅಂಡಮಾನಲ್ಲೇ ಕೆಲಸ ಮಾಡ್ತಿದ್ದ ಪಂಜಾಬಿ ಕವಿ ಡಾಕ್ಟರ್ ದಿವಾನ್ ಸಿಂಗ್ ಸೆಲ್ಯುಲರ್ ಜೈಲಲ್ಲಿ ಚಿತ್ರಹಿಂಸೆಗೆ ಪ್ರಾಣ ಬಿಟ್ರು. ಆ ಜೈಲಲ್ಲಿ ಬ್ರಿಟಿಷರು ಕೊಟ್ಟ ಕಾಟಾನ ಎಣ್ಣೆ ಗಾಣದ ಸಮೇತ ಹೇಳ್ತೀವಿ, ಅದೇ ಗೋಡೆ ಒಳಗೆ ಜಪಾನಿಯರು ಮಾಡಿದ್ದಕ್ಕೆ ಮಾತೇ ಇಲ್ಲ, ಯಾಕಂದ್ರೆ ಅವ್ರು ನಮ್ಮ ಶತ್ರುವಿನ ಶತ್ರು. ಸತ್ತವ್ರು ನಮ್ಮವ್ರೇ ಅಲ್ವಾ?

ಬೆಟ್ಟದಹೂ: ಜಪಾನ್ ಒಂದನ್ನೇ ಬೈಯೋಕಾಗಲ್ಲ ಬಿಡಿ. 1943ರ ಬಂಗಾಳದ ಬರಗಾಲದಲ್ಲಿ ಸುಮಾರು 30 ಲಕ್ಷ ಜನ ಸತ್ರು ಅಂತಾರೆ, ಬ್ರಿಟನ್ನಿನ ಎಷ್ಟೋ ಜನಕ್ಕೆ ಆಗ ಪ್ರಧಾನಿಯಾಗಿದ್ದ ಚರ್ಚಿಲ್ ಇವತ್ತಿಗೂ ಹಿಟ್ಲರನ್ನ ಸೋಲಿಸಿದ ಹೀರೋ ಅಷ್ಟೇ. ಅದಕ್ಕೆ ನಮ್ಗೆ ಮೈ ಉರಿಯುತ್ತೆ, ಉರೀಬೇಕು ಕೂಡ, ಆದ್ರೆ ಅದೇ ಉರಿ ಹಂಫ್ರೀಗಂಜ್ ಅಂದಾಗ ಬರಲ್ಲ, ನನಗೂ ಬಂದಿರ್ಲಿಲ್ಲ, ಆ ಹೆಸರು ಕೇಳಿದ್ದೇ ಇವತ್ತು.

ಮಳೆಹನಿ: @ಕಡಲತಡಿ ಜನವರಿಗೆ ಮನೆಯವ್ರ ಜೊತೆ ಅಂಡಮಾನ್‌ಗೆ ಟಿಕೆಟ್ ಮಾಡಿದೀನಿ, ಲಿಸ್ಟಲ್ಲಿ ಬರೀ ಬೀಚು ಮತ್ತೆ ಜೈಲಿತ್ತು. ಹಂಫ್ರೀಗಂಜ್‌ಗೆ ಪೋರ್ಟ್ ಬ್ಲೇರಿಂದ ಬಸ್ ಇದ್ಯಾ, ಇಲ್ಲಾ ಗಾಡಿ ಮಾಡ್ಕೋಬೇಕಾ?