ಅಜ್ಜನ ಪಡ, ಶಾಬ್ಲಿ ಬಾಟಲಿ

ಭಾನುವಾರ ಬೆಳಿಗ್ಗೆ 7 ಗಂಟೆ. ಚಿಂಚವಡದ ಅತ್ತೆ ನಮ್ಮ ಮನೆಯವರ ಗ್ರೂಪಿಗೆ ಒಂದು ಫಾರ್ವರ್ಡ್ ಹಾಕಿದರು. 'ಫ್ರಾನ್ಸಿನ ಶಾಬ್ಲಿಯಲ್ಲಿ ಹಳೇ ದ್ರಾಕ್ಷಿ ಬಳ್ಳಿಯ ಬೇರು ಸುಣ್ಣದ ಕಲ್ಲಿಗೆ ಇಳಿದು ಕ್ಯಾಲ್ಸಿಯಂ ಹೀರುತ್ತದೆ. ಆ ಬಿಳಿ ವೈನ್ ದಿನಕ್ಕೊಂದು ಗ್ಲಾಸ್ ಕುಡಿದರೆ ಮೊಣಕಾಲು ನೋವು ಹೋಗುತ್ತದೆ.' ಕೆಳಗೆ ದ್ರಾಕ್ಷಿ ಗೊಂಚಲಿನ ಫೋಟೊ. ಅತ್ತೆಗೆ ಮೂರು ವರ್ಷದಿಂದ ಮೊಣಕಾಲು ನೋವು. ದ್ರಾಕ್ಷಿ ಕಂಡರೆ ತವರು ನೆನಪಾಗುತ್ತದೆ. ಕಳಿಸಲು ಅಷ್ಟು ಸಾಕಾಯಿತು.

ಡೊಂಬಿವ್ಲಿಯಿಂದ ತಮ್ಮ: 'ಮೂಲ ಎಲ್ಲಿ ಅತ್ತೆ? ಯಾವ ಡಾಕ್ಟರ್ ಹೇಳಿದ್ದು?'

ಪುಣೆಯ ಕೋಥ್ರೂಡಿನ ದೊಡ್ಡಪ್ಪ: 'ಗ್ರೂಪಿನ ಡಿಪಿಯಲ್ಲಿ ಅಪ್ಪನ ಫೋಟೊ ಇದೆ. ಅದರ ಕೆಳಗೆ ಹೆಂಡದ ಮಾತೇ? ನಮ್ಮ ಮನೆತನದಲ್ಲಿ ಯಾರೂ ಮುಟ್ಟಿದವರಲ್ಲ.'

ಅತ್ತೆ: 'ಔಷಧಿ ಅಂತ ಹಾಕಿದೆ ಅಣ್ಣ. ಓದದೇ ಬೈಬೇಡ.'

ತಮ್ಮ: 'ನೀವೂ ಓದಿಲ್ಲ ಅತ್ತೆ. ಕೊನೇ ಸಾಲಿನಲ್ಲಿ ಬಾಟಲಿ ತರಿಸಿಕೊಳ್ಳಲು ನಂಬರ್ ಇದೆ.'

ನಾನು ಸುಮ್ನೆ ಇರಬಹುದಿತ್ತು. ಆದರೆ ಆ ವೈನ್ ನನಗೆ ತುಂಬಾ ಇಷ್ಟ. ಹಾಗಾಗಿ ಉದ್ದಕ್ಕೆ ಬರೆದೆ. ಕ್ಯಾಲ್ಸಿಯಂ ಮಾತು ಸುಳ್ಳು. 100 ಮಿಲಿ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇದ್ದರೆ, ಅಷ್ಟೇ ವೈನಿನಲ್ಲಿ 10ರ ಆಸುಪಾಸು. ಆದರೆ ಸುಣ್ಣದ ಕಲ್ಲು ನಿಜ. ಶಾಬ್ಲಿ ಇರುವುದು ಫ್ರಾನ್ಸಿನ ಬರ್ಗಂಡಿ ಸೀಮೆಯ ಉತ್ತರದ ತುದಿಯಲ್ಲಿ. ಸುಮಾರು 15 ಕೋಟಿ ವರ್ಷದ ಹಿಂದೆ ಅದು ಸಮುದ್ರದ ತಳ. ಈಗಲೂ ಅಲ್ಲಿನ ಕಲ್ಲಿನಲ್ಲಿ ಪುಟ್ಟ ಪುಟ್ಟ ಸಿಂಪಿ ಚಿಪ್ಪುಗಳು ಹುದುಗಿವೆ. ಆ ವೈನಿಗೆ ಬಳಸುವುದು ಶಾರ್ಡನೇ ದ್ರಾಕ್ಷಿ ಒಂದನ್ನೇ. ಮೊದಲ ಗುಟುಕಿಗೆ ನಿಂಬೆ, ಹಸಿರು ಸೇಬು. ನುಂಗಿದ ಮೇಲೆ ಬಾಯಲ್ಲಿ ಉಳಿಯುವುದು ಬೇರೆ. ಬೇಸಿಗೆಯಲ್ಲಿ ಅಂಗಳದ ಶಹಾಬಾದಿ ಹಾಸುಗಲ್ಲಿನ ಫರಸಿಗೆ ನೀರು ಹೊಯ್ದಾಗ ಬರುತ್ತದಲ್ಲ, ಆ ತಂಪು ವಾಸನೆ. ಶಹಾಬಾದಿಯೂ ಸುಣ್ಣದ ಕಲ್ಲೇ ಅಲ್ವಾ? ಜಾಸ್ತಿ ತಣ್ಣಗಿದ್ದರೆ ಇದು ಸಿಗುವುದಿಲ್ಲ. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಬಿಡಬೇಕು. 'ಡಿಸೆಂಬರಿನಲ್ಲಿ ಅಣ್ಣನ ಮನೆಯಲ್ಲಿ ಕುಡಿದಾಗ ಗೊತ್ತಾಯಿತು' ಅಂತ ಕೊನೆಗೆ ಸೇರಿಸಿದೆ.

ಅಣ್ಣ ಅಂದರೆ ಇದೇ ದೊಡ್ಡಪ್ಪನ ಮಗ, ಮಡಗಾಂವಿನಲ್ಲಿದ್ದಾನೆ.

ದೊಡ್ಡಪ್ಪ: 'ಯಾರ ಮನೆಯಲ್ಲಿ?'

ಅಣ್ಣನಿಗೆ ಬೇರೆಯಾಗಿ ಮೆಸೇಜ್ ಮಾಡಿ ಕ್ಷಮೆ ಕೇಳಿದೆ. ಅವನು ಗ್ರೂಪಿನಲ್ಲಿ ಮಾತು ತಿರುಗಿಸಿದ. 'ಅಜ್ಜನ ಪಡ, ಆ ದ್ರಾಕ್ಷಿ ತೋಟ ನೆನಪಿದೆಯಾ? ರಜೆ ಬಂತೆಂದರೆ ಟಿಕೋಟಾ ಬಸ್ಸು. ಬಳ್ಳಿ ಕೆಳಗಿನ ನೆರಳಿನಲ್ಲೇ ಊಟ, ಅಲ್ಲೇ ನಿದ್ದೆ. ಒಣದ್ರಾಕ್ಷಿ ಶೆಡ್ಡಿಗೆ ನುಗ್ಗಿ ಮುಷ್ಟಿ ಮುಷ್ಟಿ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದು?' ಅತ್ತೆಯೂ ಸೇರಿಕೊಂಡರು. ಹತ್ತು ನಿಮಿಷ ಬರೀ ಅದೇ.

ತಮ್ಮ ಬಿಡಲಿಲ್ಲ. 'ಅಕ್ಕ, ಕಲ್ಲಿಗೆ ರುಚಿ ಇಲ್ಲ. ಬ್ರಿಟನ್ನಿನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ವರ್ಷಗಟ್ಟಲೆ ಇದನ್ನೇ ಹೇಳುತ್ತಿದ್ದಾರೆ. ಬಂಡೆಯ ರುಚಿ ಬೇರಿನಿಂದ ಗ್ಲಾಸಿಗೆ ಬರುವುದಿಲ್ಲ. ನಿನ್ನ ಫರಸಿ ವಾಸನೆಯೂ ಕಲ್ಲಿನದಲ್ಲ. ಒಣ ಕಲ್ಲಿನ ಮೇಲೆ ಕೂತ ಗಿಡಗಳ ಎಣ್ಣೆಯದು. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 1964ರಲ್ಲೇ ಅದಕ್ಕೆ ಪೆಟ್ರಿಕೋರ್ ಅಂತ ಹೆಸರಿಟ್ಟರು. ಇನ್ನು ಲೇಬಲ್ ಮೇಲೆ ಹಳೇ ಬಳ್ಳಿ ಅಂತ ಬರೆಯಲು ಇಷ್ಟು ವಯಸ್ಸಾಗಿರಬೇಕು ಅನ್ನುವ ಕಾನೂನು ಫ್ರಾನ್ಸಿನಲ್ಲಿ ಇಲ್ಲ.'

ಅವನು ಹೇಳಿದ್ದು ಸರಿ. ಒಪ್ಪಿಕೊಂಡೆ. ಆದರೆ ನೆಲ ಲೆಕ್ಕಕ್ಕೇ ಇಲ್ಲ ಅನ್ನುವುದನ್ನು ಒಪ್ಪಲಾರೆ. ಆ ಸುಣ್ಣದ ಜೇಡಿಮಣ್ಣು ಹೆಚ್ಚಾದ ನೀರು ಬಸಿದುಬಿಡುತ್ತದೆ, ಬೇಕಾದಷ್ಟನ್ನು ಹಿಡಿದಿಟ್ಟು ಬಳ್ಳಿಗೆ ನಿಧಾನವಾಗಿ ಉಣಿಸುತ್ತದೆ. ಮೇಲೆ ಅಲ್ಲಿನ ಚಳಿ, ಹಾಗಾಗಿ ಹಣ್ಣಿನ ಹುಳಿ ಉಳಿಯುತ್ತದೆ. ಹಳೇ ಬಳ್ಳಿ ಗೊಂಚಲು ಕಡಿಮೆ ಬಿಡುತ್ತದೆ, ಬೇರು ಆಳಕ್ಕಿದ್ದರೆ ಒಣ ವರ್ಷದಲ್ಲೂ ತಡೆದುಕೊಳ್ಳುತ್ತದೆ. ಶಾಬ್ಲಿಯ ಬಹಳಷ್ಟು ವೈನ್ ಸ್ಟೀಲ್ ಟ್ಯಾಂಕಿನಲ್ಲಿ ಆಗುವುದರಿಂದ ಓಕ್ ಪೀಪಾಯಿಯ ವಾಸನೆ ಅಡ್ಡ ಬರುವುದಿಲ್ಲ. ಎಲ್ಲ ಸೇರಿ ನಾಲಿಗೆಗೆ ಕಲ್ಲು ಅನ್ನಿಸುತ್ತದೆ. ಇಷ್ಟು ಬರೆದು ಕಳಿಸಿದೆ. ಅದರಲ್ಲಿ ದೊಡ್ಡಪ್ಪ ಹಿಡಿದುಕೊಂಡದ್ದು ಎರಡೇ ಪದ, ಹಳೇ ಬಳ್ಳಿ.

'ಹಳೇ ಬಳ್ಳಿಯ ಬೆಲೆ ಫ್ರಾನ್ಸಿನವರಿಗೆ ಗೊತ್ತು. ನಮ್ಮಲ್ಲಿ ಅಪ್ಪ ಹಚ್ಚಿದ ಪಡವನ್ನು ಅಪ್ಪ ತೀರಿಕೊಂಡ ಒಂದು ವರ್ಷದೊಳಗೇ ಬುಡಸಮೇತ ಕಿತ್ತರು.'

ಟಿಕೋಟಾದಲ್ಲಿ ಹೊಲ ನೋಡಿಕೊಳ್ಳುವ ಕಾಕಾ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಕೂಡ ಹಾಕುವವರಲ್ಲ. ಅವತ್ತು ಬರೆದರು:

'ಅಣ್ಣಾ, ಆ ಪಡದ ಕೆಳಗೂ ಸುಣ್ಣದ ಮಣ್ಣೇ ಇತ್ತು. ಎಲೆ ಹಳದಿ, ನರ ಮಾತ್ರ ಹಸಿರು. ಸುಣ್ಣ ಜಾಸ್ತಿಯಾದರೆ ಬಳ್ಳಿಗೆ ಕಬ್ಬಿಣ ಸಿಗುವುದಿಲ್ಲ. ಅಪ್ಪ ಇದ್ದಾಗಲೇ ಆರು ವರ್ಷ ಫೆರಸ್ ಸಲ್ಫೇಟ್ ಹೊಡೆದೆ. ಬಳ್ಳಿ ಸವರುವ ಏಪ್ರಿಲ್ ಚಾಟ್ನಿಗೂ ಅಕ್ಟೋಬರ್ ಚಾಟ್ನಿಗೂ ನಾನೊಬ್ಬನೇ. ಪುಣೆಯಿಂದ ಯಾರು ಬಂದಿರಿ? ಕೀಳುವ ದಿನ ನನಗೆ ಊಟ ಸೇರಲಿಲ್ಲ. ಅದನ್ನು ನೋಡಲೂ ಯಾರೂ ಇರಲಿಲ್ಲ.'

ನನಗೆ ಇದು ಗೊತ್ತೇ ಇರಲಿಲ್ಲ. ಕಾಕಾ ದುಡ್ಡಿನ ಆಸೆಗೆ ಕಿತ್ತರು ಅಂತ ಹದಿನಾಲ್ಕು ವರ್ಷ ನಂಬಿಕೊಂಡಿದ್ದೆ. ಫ್ರಾನ್ಸಿನ ಸುಣ್ಣದ ನೆಲದಲ್ಲಿ ಆಗಿದ್ದೂ ಇದೇ. 19ನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಹೇನು ಬೇರಿಗೆ ಬಿದ್ದು ತೋಟಗಳು ಹಾಳಾದವು. ಅವನ್ನು ಕಿತ್ತು, ಹೇನು ತಡೆಯುವ ಅಮೆರಿಕದ ಬೇರಿಗೆ ಕಸಿ ಕಟ್ಟಿದ ಬಳ್ಳಿ ಹಚ್ಚಿದರು. ಸುಣ್ಣದ ನೆಲದಲ್ಲಿ ಆ ಬಳ್ಳಿಗಳೂ ಹಳದಿಯಾಗಿ ಸೊರಗಿದವು. ಸುಣ್ಣ ತಡೆಯುವ ಬೇರು ಹುಡುಕಿಕೊಂಡು 1887ರಲ್ಲಿ ಫ್ರಾನ್ಸಿನ ದ್ರಾಕ್ಷಿ ವಿಜ್ಞಾನಿ ಪಿಯೆರ್ ವಿಯಾಲಾ ಅಮೆರಿಕಕ್ಕೆ ಹೋದರು. ಟೆಕ್ಸಾಸಿನ ದ್ರಾಕ್ಷಿ ತಜ್ಞ ಟಿ.ವಿ. ಮನ್ಸನ್ ಅಲ್ಲಿನ ಸುಣ್ಣದ ಗುಡ್ಡಗಳ ಕಾಡುದ್ರಾಕ್ಷಿ ತೋರಿಸಿಕೊಟ್ಟರು. ಇವತ್ತು ಶಾಬ್ಲಿಯಲ್ಲಿ ಹಳೇ ಬಳ್ಳಿ ಅನ್ನಿಸಿಕೊಳ್ಳುವವೂ ಹಾಗೆ ಒಮ್ಮೆ ಕಿತ್ತು ಮತ್ತೆ ಹಚ್ಚಿದ ನೆಲದಲ್ಲೇ ಬೆಳೆದವು. ಕಾಕಾ ಈಗ ಹಚ್ಚಿರುವ ಬಳ್ಳಿಗಳ ಬೇರು ಡಾಗ್ರಿಡ್ಜ್ ಎಂಬ ತಳಿಯದು, ಅದರ ಮೂಲವೂ ಟೆಕ್ಸಾಸೇ.

ಇದನ್ನು ಬರೆದು, 'ಕಾಕಾ ಮಾಡಿದ್ದು ಸರಿ, ನಾವು ತಪ್ಪು ತಿಳಿದಿದ್ದೆವು' ಅಂತ ಗ್ರೂಪಿನಲ್ಲೇ ಹಾಕಿದೆ. ತಮ್ಮ ಕೂಡಲೇ ಕಾಕಾಗೆ ಫೋನ್ ಮಾಡಿದನಂತೆ. ದೊಡ್ಡಪ್ಪ ಓದಿದ್ದಾರೆ, ನೀಲಿ ಗುರುತು ಬಂದಿದೆ. ಉತ್ತರ ಇನ್ನೂ ಬಂದಿಲ್ಲ.

ಸಂಜೆ ಅತ್ತೆಯ ಫೋನ್ ಬಂತು. ಮೊಣಕಾಲಿಗೆ ಡಾಕ್ಟರನ್ನೇ ಕಾಣಿ ಅಂದೆ. ಹೂಂ ಅಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: 'ಅದು ನಿಜವಾಗಿ ಅಂಗಳ ತೊಳೆದ ಹಾಗೆ ಇರುತ್ತಾ? ಮಡಗಾಂವಿಗೆ ಹೋದಾಗ ನನಗೂ ತೋರಿಸು. ಕುಡಿಯುವುದಿಲ್ಲ. ಮೂಸಿ ನೋಡುತ್ತೇನೆ.'